ಮಗಳ ಹೊಟ್ಟೆ, ಅಪ್ಪನ ಉತ್ತರ

ನಮ್ಮ ಅಡುಗೆಮನೆಯ ಅಜವಾನದ ಡಬ್ಬಿ ಈಚೆಗೆ ಬಲುಬೇಗ ಬರಿದಾಗುತ್ತಿತ್ತು. ಹತ್ತನೇ ತರಗತಿಯ ಮಗಳು ಗೌರಿಗೆ ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆ ನೋಯುತ್ತಿತ್ತು. ಅವಳ ತಾಯಿ ಅಜವಾನಕ್ಕೆ ಚಿಟಿಕೆ ಉಪ್ಪು ಬೆರೆಸಿ ಕೊಡುತ್ತಿದ್ದಳು. ನಾನು ಚಿಂತೆ ಮಾಡುತ್ತಿದ್ದೆ. ಮನೆಗೆಲಸದಲ್ಲಿ ನನ್ನ ಪಾಲಿಗೆ ಬಂದಿರುವುದು ಅದೊಂದೇ, ಮತ್ತು ಅದರಲ್ಲಿ ನಾನೆಂದೂ ಮೈಗಳ್ಳತನ ಮಾಡಿದವನಲ್ಲ, ಸ್ನೇಹಿತರೇ. ಹುಣ್ಣು, ಹರಳು, ಅಪೆಂಡಿಕ್ಸ್ ಎಂದು ಆ ಹೊಟ್ಟೆಯಲ್ಲಿ ಹಿಡಿಸಲಾರದಷ್ಟು ರೋಗಗಳನ್ನು ಕಲ್ಪಿಸಿ, ಕೊನೆಗೆ ಅವಳನ್ನು ನಮ್ಮೂರು ಆಡಕಿಯಿಂದ ಸೇಡಂನ ದವಾಖಾನೆಗೆ ಕರೆದೊಯ್ದೆ.

ಅವಳು ಗೆಳತಿಯರ ಮನೆಗೆ ಹೋಗುವುದನ್ನು ಬಿಟ್ಟದ್ದು, ರೊಟ್ಟಿ ಮುರಿದು ಹಾಗೇ ತಟ್ಟೆ ಸರಿಸುತ್ತಿದ್ದದ್ದು ನನ್ನ ಚಿಂತೆಯ ಸರಹದ್ದಿನೊಳಗೆ ಬಂದಿರಲಿಲ್ಲ. ನಮ್ಮ ಕಡೆ ಮಾತಾಡದ ಹುಡುಗಿಗೆ ಬೇನೆಯಿದೆ ಎನ್ನುವುದಿಲ್ಲ, ಸಂಸ್ಕಾರವಿದೆ ಎನ್ನುತ್ತಾರೆ. ಬಂದ ನೆಂಟರೆಲ್ಲ ಹಾಗೇ ಹೊಗಳಿದರು. ನಾನು ಹಿಗ್ಗಿ ಇನ್ನೊಂದು ಸುತ್ತು ಚಹಾ ಮಾಡಿಸಿದೆ.

ಡಾಕ್ಟರಮ್ಮ ಮಗಳನ್ನು ಕೇಳಿದ್ದಕ್ಕೆಲ್ಲ, ವಾಡಿಕೆಯಂತೆ, ನಾನೇ ಉತ್ತರಿಸಿದೆ. ನಿದ್ದೆ ಹೇಗೆ ಬರುತ್ತದೆ ಎಂದಾಗ ನನ್ನ ನಿದ್ರಾಹೀನತೆಯ ಚರಿತ್ರೆಯನ್ನು ಮೊದಲಿನಿಂದ ಆರಂಭಿಸಿದೆ. ಅವರು ಪೆನ್ನು ಕೆಳಗಿಟ್ಟರು.

“ಅಣ್ಣಾರ, ಹೊಟ್ಟಿ ಯಾರದು ನೋಯಾಕತ್ತದ?”

“ಅಕಿದ್ರಿ.”

“ಹಂಗಾರ ನೀವು ಸ್ವಲ್ಪ ಹೊರಗ ಕುಂದ್ರಿ.”

ಹೊರಗೆ ಕಲ್ಲುಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು, ಸಲೈನ್ ಹಚ್ಚಿಸಿಕೊಳ್ಳದೆ ಏಳಬೇಡ, ಈ ಡಾಕ್ಟರ್ ಬರೀ ಮಾತಾಡಿ ಕಳಿಸುತ್ತಾಳೆ ಎಂದು ನನ್ನನ್ನು ಎಚ್ಚರಿಸಿದಳು. ಸೂಜಿ ಚುಚ್ಚದ ವೈದ್ಯವನ್ನು ನಾನೂ ಅಷ್ಟಾಗಿ ನಂಬುವವನಲ್ಲ, ತಲೆಯಾಡಿಸಿದೆ. ಅಷ್ಟರಲ್ಲಿ ಬಾಗಿಲಾಚೆ ಹುಡುಗಿಯೊಬ್ಬಳು ಅಳುತ್ತಳುತ್ತ ಒಂದೇ ಸಮನೆ ಮಾತಾಡುವುದು ಕೇಳಿಸಿತು. ಯಾರ ಮಗಳೋ ಪಾಪ ಎಂದುಕೊಂಡೆ. ನನ್ನ ಮಗಳೇ.

ಒಳಗೆ ಕರೆದ ಡಾಕ್ಟರಮ್ಮ, ಗೌರಿಯ ಒಪ್ಪಿಗೆ ಕೇಳಿಯೇ, ಖಿನ್ನತೆ, ಆತಂಕ ಎಂಬೆರಡು ಮಾತುಗಳನ್ನು ನೆಗಡಿ, ಕೆಮ್ಮು ಎನ್ನುವಷ್ಟು ಸಲೀಸಾಗಿ ಹೇಳಿದರು. ಈ ವಯಸ್ಸಿನಲ್ಲಿ ಮನಸ್ಸಿನ ಬೇನೆ ಎಷ್ಟೋ ಸಲ ಹೊಟ್ಟೆನೋವು, ತಲೆನೋವಾಗಿಯೇ ದವಾಖಾನೆಗೆ ಬರುತ್ತದಂತೆ; ವಾಸಿಯಾಗುತ್ತದಂತೆ; ಕಲಬುರಗಿಯಲ್ಲಿ ಮನೋವೈದ್ಯರಿಗೆ ತೋರಿಸಬೇಕಂತೆ. ಮನೆಯಲ್ಲಿ ನೀವು ಪ್ರಶ್ನೆ ಕೇಳುವುದು ಕಡಿಮೆ ಮಾಡಿ, ಅವಳು ಹೇಳುವುದಕ್ಕೆ ಕಿವಿಗೊಡಿ ಎಂದರು. ಆತಂಕವೆಂಬುದು ನನ್ನ ಸ್ವಯಾರ್ಜಿತ ಆಸ್ತಿಯೆಂದುಕೊಂಡಿದ್ದ ನಾನು, ನನಗ್ಯಾಕೆ ಹೇಳಲಿಲ್ಲವೆಂದು ಮಗಳನ್ನು ಕೇಳಿದೆ.

“ಹೆಂಗ ಹೇಳ್ಲಿ ಅಪ್ಪಾ? ಮುಂಜಾನೆ ಯಾಕರ ಎದ್ದೆ ಅನಸ್ತದ ನನಗ. ಅದನ್ನ ಹೇಳಿದ್ರ ನಿನ್ನ ಬಿಪಿ ಏರ್ತದ.”

ಮನೆಮಂದಿಗಾಗಿ ಚಿಂತಿಸುವವನು ನಾನೊಬ್ಬನೇ ಎಂದು ನಂಬಿದ್ದೆ. ಆ ಹುಡುಗಿ ತನ್ನ ಭಾರದ ಮೇಲೆ ನನ್ನನ್ನೂ ಹೊತ್ತುಕೊಂಡು ನಡೆದಿದ್ದಳು.

ಮರಳುವ ಬಸ್ಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಸುಮ್ಮನಿರುವುದು ಇಷ್ಟು ಮೈಮುರಿಯುವ ಕೆಲಸವೆಂದು ಅಲ್ಲಿಯತನಕ ಗೊತ್ತಿರಲಿಲ್ಲ. ಊರು ಹತ್ತಿರವಾಗುವಾಗ ಅವಳೇ ಕಿಟಕಿಯಿಂದ ತಿರುಗಿ, “ಅಪ್ಪಾ, ಆರಾಮ ಅದಿ ಇಲ್ಲ?” ಎಂದಳು. ಎಲ್ಲರೂ ಎಲ್ಲರಿಗೂ ಕೊಡುವ ಉತ್ತರ ನಾಲಗೆಯ ತುದಿಗೆ ಬಂದಿತ್ತು.

“ಇಲ್ಲವ್ವ. ಭಾಳ ಅಂಜಿಕಿ ಆಗ್ಯದ.”

“ನನಗೂ,” ಎಂದಳು, ಮತ್ತು ಮೆಲ್ಲಗೆ ಹೇಳತೊಡಗಿದಳು. ಆಡಕಿ ಬಂತು. ಇಳಿಯಂಗಿಲ್ಲೇನು ಎಂದು ಕಂಡಕ್ಟರ್ ಕೇಳಿದ. ಅವನ ಕಡೆ ತಿರುಗದೆ, ಮುಂದಿನ ಊರಿಗೆ ಟಿಕೆಟ್ ಕೊಡು ಎಂದು ಕೈ ಚಾಚಿದೆ.