ಕಡವಿನ ಗುಂಡಿಯ ನೀಲಾವತಿಯಕ್ಕ

ವೇಣೂರಿನಿಂದ ಎರಡು ಮೈಲು ಕೆಳಗೆ, ಫಲ್ಗುಣಿ ಹೊಳೆ ಬಂಡೆಗಳ ನಡುವೆ ತಿರುಗುವಲ್ಲಿ ಒಂದು ಆಳವಾದ ಮಡು. ಅದಕ್ಕೆ ಕಡವಿನ ಗುಂಡಿ ಎಂದು ಹೆಸರು. ಅದರ ತುಂಬ ಮೊಳದುದ್ದದ ಮೀನುಗಳು. ದೇವರ ಮೀನೆಂದು ಊರವರು ಯಾರೂ ಹಿಡಿಯುತ್ತಿರಲಿಲ್ಲ. ದೋಣಿ ನಡೆಸುತ್ತಿದ್ದ ಗಂಡ ತೀರಿಕೊಂಡ ಮೇಲೆ ನೀಲಾವತಿ ಅಲ್ಲಿಯೇ ಬಂಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಮೀನಿಗೆ ಹಾಕಲು ಭತ್ತದ ಅರಳು ಮಾರತೊಡಗಿದಳು. ಮೀನುಗಳ ಗುರುತು ಅವಳಿಗೆ ಮನೆಮಕ್ಕಳ ಹಾಗೆ. ತಡವಾಗಿ ಬಂದು ಎಲ್ಲರಿಗಿಂತ ಮುಂಚೆ ತಿನ್ನುವ ಒಂದು ದಪ್ಪ ಮೀನಿಗೆ ಶ್ಯಾನುಭೋಗ ಎಂದೇ ಹೆಸರಿಟ್ಟಿದ್ದಳು. ಯಾರಾದರೂ ಎಣ್ಣೆಯಲ್ಲಿ ಕರಿದ ತಿಂಡಿ ಎಸೆದರೆ ಎದ್ದು ನಿಂತು ಬಯ್ಯುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟು, ಐವತ್ತೊಂಬತ್ತರ ಹೊತ್ತಿಗೆ ಮೂಡಬಿದಿರೆಯ ಬಸದಿ, ವೇಣೂರಿನ ಗೊಮ್ಮಟ ನೋಡಲು ದೂರದಿಂದ ಬಸ್ಸು ಮಾಡಿಕೊಂಡು ಬರುವವರು ಹೆಚ್ಚಾದರು. ಕೆಲವರು ಮೀನು ನೋಡಲು ಇಲ್ಲಿಗೂ ಇಳಿದರು. ಪಂಚಾಯತಿಯ ಅಧ್ಯಕ್ಷ ಶೀನಪ್ಪ ಓಡಾಡಿ, ಹೊಳೆಯ ಅಂಚಿನವರೆಗೆ ಬಸ್ಸು ಬರುವ ರಸ್ತೆ, ಕಲ್ಲಿನ ಮೆಟ್ಟಿಲು, ಒಂದು ತಂಗುದಾಣ ಮಂಜೂರು ಮಾಡಿಸಿದರು. ಊರಿಗೆ ಊರೇ ಹಿಗ್ಗಿತು. ನೀಲಾವತಿಯೂ ಹಿಗ್ಗಿದಳು. ಬಸ್ಸು ಬಾಗಿಲಿಗೇ ಬಂದರೆ ಬುಟ್ಟಿಯ ಜಾಗದಲ್ಲಿ ಅಂಗಡಿಯನ್ನೇ ಹಾಕಬಹುದು, ಮನೆಗೆ ಹಂಚು ಹೊದಿಸಬಹುದು ಎಂದು ಎರಡು ದಿನ ಕನಸು ಕಂಡಳು.

ಮೂರನೆಯ ದಿನ ಇಳಿಜಾರಿನಲ್ಲಿ ರಸ್ತೆಯ ಗುರುತಿಗೆ ಸುಣ್ಣದ ಗೆರೆ ಬಿತ್ತು. ಆ ಗೆರೆ ನೇರ ಹೆಂಗಸರು ಮೀಯುವ, ಬಟ್ಟೆ ಒಗೆಯುವ ಜಾಗಕ್ಕೇ ಇಳಿದಿತ್ತು. ರಸ್ತೆಗೆ ತುಂಬಿಸಲು ಹೊಯಿಗೆ, ಅಂದರೆ ಹೊಳೆಯ ಮರಳು, ತೆಗೆಯಬೇಕೆಂದು ಕೋಲು ನೆಟ್ಟದ್ದು ಮಡುವಿನ ಮೇಲುಗಡೆ, ಮೀನು ಮೊಟ್ಟೆಯಿಡುವ ತೆಳುನೀರಿನಲ್ಲಿ. ನೀಲಾವತಿಗೆ ಆ ದಿನ ಊಟ ರುಚಿಸಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಶೀನಪ್ಪರ ಚಾವಡಿಗೆ ಹೋದಳು. ಮೈಸೂರು ಕಡೆಯ ತರುಣ ಇಂಜಿನಿಯರ್ ಉದಯಶಂಕರ ಅಲ್ಲಿ ನಕ್ಷೆ ಹರಡಿ ಕುಳಿತಿದ್ದ. ಮನೆಯಲ್ಲಿ ತುಳುವನ್ನೇ ಆಡುವ ಅವಳು, ಐದನೆಯ ಕ್ಲಾಸಿನವರೆಗೆ ಕಲಿತ ಕನ್ನಡವನ್ನು ಕೂಡಿಸಿಕೊಂಡು ನಿಧಾನವಾಗಿ ಹೇಳಿದಳು:

"ಸ್ವಾಮೀ, ಬಸ್ಸು ಮೇಲೆ ಗೋಳಿಮರದ ಹತ್ತಿರ ನಿಲ್ಲಲಿ. ಜನ ನಡೆದುಕೊಂಡು ಬರ್ತಾರೆ."

ಶೀನಪ್ಪರಿಗೆ ನಗು ಬಂತು. "ಎಂಥ ಮಾರಾಯ್ತಿ, ನಿನ್ನ ವ್ಯಾಪಾರಕ್ಕೆ ನೀನೇ ಕಲ್ಲು ಹಾಕ್ತೀಯಾ?"

"ನನ್ನದು ಇರಲಿ ಅಧ್ಯಕ್ಷರೇ. ಇವರು ಒಮ್ಮೆ ಬಂದು ಆ ಬಂಡೆಯಲ್ಲಿ ಕೂತುಕೊಳ್ಳಲಿ. ಒಂದು ಗಂಟೆ ಸಾಕು."

ಉದಯಶಂಕರ ಕುತೂಹಲದಿಂದಲೇ ಬಂದ. ಬೂಟು ಕಳಚಿ, ಗೆರೆ ಮುಗಿಯುವಲ್ಲಿ ನೀರಿಗೆ ಕಾಲು ಇಳಿಬಿಟ್ಟು ಕುಳಿತ. ಮರಿಮೀನುಗಳು ಕಾಲಿಗೆ ಮುತ್ತಿ ಕಚಗುಳಿ ಇಟ್ಟಾಗ ಮಗುವಿನ ಹಾಗೆ ನಕ್ಕ. ಸ್ವಲ್ಪ ಹೊತ್ತಿಗೆ ಕೊಯ್ಲು ಮುಗಿಸಿದ ಹೆಂಗಸರು ಬಟ್ಟೆಯ ಗಂಟು ಹಿಡಿದು ಇಳಿಜಾರಿನ ತಲೆಯಲ್ಲಿ ಕಾಣಿಸಿಕೊಂಡರು. ಮುಂದೆ ಪದ್ಮಾಕ್ಷಿ, ಹಿಂದೆ ಜುಲೈಕಾ, ಅವರ ಹಿಂದೆ ಇನ್ನೂ ಎಂಟು ಹತ್ತು ಮಂದಿ. ಮೈತುಂಬ ಹೊಟ್ಟು, ತುರಿಕೆ. ಆದರೂ ಕೆಳಗೆ ಗಂಡಸೊಬ್ಬ ಕುಳಿತದ್ದು ಕಂಡು ಒಬ್ಬರೂ ಇಳಿಯಲಿಲ್ಲ.

"ಅವರೇಕೆ ಅಲ್ಲೇ ನಿಂತಿದ್ದಾರೆ?" ಎಂದು ಅವನು ಕೇಳಿದ.

"ನೀವು ಏಳಬೇಕಲ್ಲ ಸ್ವಾಮೀ," ಎಂದಳು ನೀಲಾವತಿ. "ನೀವು ಒಬ್ಬರು. ಬಸ್ಸಿನಲ್ಲಿ ಐವತ್ತು ಜನ. ಇವರಿಗೆ ಬೇರೆ ಹೊಳೆ ಉಂಟಾ?"

ಉದಯಶಂಕರನ ಮುಖ ಕೆಂಪಾಯಿತು. ಬೂಟು ಕೈಯಲ್ಲೇ ಹಿಡಿದುಕೊಂಡು ಎದ್ದವನು ಹೆಂಗಸರ ಕಡೆ ತಲೆಯೆತ್ತದೆ ಬಳಸುದಾರಿಯಲ್ಲಿ ಮೇಲೆ ಹೋದ. ಮಾರನೆಯ ದಿನ ಅವಳನ್ನೇ ಕರೆಸಿ ಹೊಳೆಯಂಚಿನಲ್ಲಿ ನಡೆದ. ಎಲ್ಲಿ ಮೊಟ್ಟೆ, ಎಲ್ಲಿ ಸೆಳೆತ, ಎಲ್ಲಿ ದನ ನೀರು ಕುಡಿಯುತ್ತದೆ ಎಂದು ಅವಳು ತೋರಿಸಿದ್ದನ್ನೆಲ್ಲ ನಕ್ಷೆಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡ.

ಕೊನೆಗೆ ರಸ್ತೆ ಗೋಳಿಮರದ ಹತ್ತಿರ ನಿಂತಿತು. ಮೆಟ್ಟಿಲುಗಳು ದೊಡ್ಡ ಬಂಡೆಯ ಆಚೆ ಬದಿಗೆ ಇಳಿದವು. ಅಲ್ಲಿಂದ ಮೀನು ಕಾಣುತ್ತಿತ್ತು, ಮೀಯುವವರು ಕಾಣುತ್ತಿರಲಿಲ್ಲ. ಹೊಯಿಗೆ ಬೇರೆ ಕಡೆಯಿಂದ ಬಂತು. ಶೀನಪ್ಪ ಆರು ತಿಂಗಳು ಅವಳೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಬಸ್ಸಿನಲ್ಲಿ ಬಂದ, ನಡೆಯಲಾರದ ಮುದುಕರು ಇಳಿಜಾರು ನೋಡಿ ಗೊಣಗುತ್ತಿದ್ದರು. ಅಂಥವರನ್ನು ಅವಳೇ ಕೈಹಿಡಿದು ಇಳಿಸುತ್ತಿದ್ದಳು. ವ್ಯಾಪಾರ ಕುದುರಿದ್ದು ಗೋಳಿಮರದ ಬುಡದಲ್ಲಿ ಚಾದಂಗಡಿ ಇಟ್ಟ ಉಮ್ಮರ್‌ಗೆ. ನೀಲಾವತಿಯ ಮನೆಗೆ ಹಂಚು ಬರಲು ಮತ್ತೂ ಏಳು ವರ್ಷ ಹಿಡಿಯಿತು.

ಅಷ್ಟರಲ್ಲಿ ಅವಳ ಮೊಣಕಾಲಿಗೆ ನೋವು ಹತ್ತಿತ್ತು. ಸಂಜೆ ಬುಟ್ಟಿ ಹೊತ್ತು ಏರು ಹತ್ತುವಾಗ ಅರ್ಧದಲ್ಲಿ ಕುಳಿತು, "ಆ ಇಂಜಿನಿಯರಿಗೆ ಬುದ್ಧಿ ಹೇಳದಿದ್ದರೆ ನಾನೂ ಈಗ ಬಸ್ಸಿನಲ್ಲಿ ಹೋಗ್ತಿದ್ದೆ ನೋಡು," ಎನ್ನುತ್ತಿದ್ದಳು. ಆಗಷ್ಟೇ ಮಿಂದು, ಒದ್ದೆ ಕೂದಲು ಗಂಟು ಕಟ್ಟಿದ ಪದ್ಮಾಕ್ಷಿ ನಗುತ್ತ ಅವಳ ಬುಟ್ಟಿಯನ್ನು ತನ್ನ ಸೊಂಟಕ್ಕೆ ಏರಿಸಿಕೊಂಡು, "ಏಳಿ ಅಕ್ಕಾ, ಉಮ್ಮರ್‌ನ ಚಾ ಆರಿಹೋಗ್ತದೆ," ಎನ್ನುವಳು.