ಬಂಕಿನ ನೆಲದ ಮೇಲೆ ಕುಣಿದ ನೆರಳು

ಹೂಡಿಯಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಪೆಟ್ರೋಲ್ ಬಂಕಿದೆ. ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು. ಆದರೂ ಹೊಸ ಪೈಪು ಬಂದಾಗ ಗಿರಾಕಿಗಳನ್ನು ಒಪ್ಪಿಸಲು ಪಟ್ಟಷ್ಟು ಪಾಡು ಬೇರೆ ಯಾವ ವ್ಯಾಪಾರದಲ್ಲೂ ಪಟ್ಟಿಲ್ಲ.

ಗಾಡಿಗೆ ಪೆಟ್ರೋಲ್ ಇಳಿಯುವಾಗ ಟ್ಯಾಂಕಿನೊಳಗಿದ್ದ ಆವಿ ಹೊರಕ್ಕೆ ಬರುತ್ತದೆ. ಹಿಂದೆ ಅದು ನೇರವಾಗಿ ಪೆಟ್ರೋಲ್ ಹಾಕುವವರ ಮುಖಕ್ಕೇ ಬಡಿಯುತ್ತಿತ್ತು. ಹೊಸ ಪೈಪಿನ ತುದಿಗೆ ಒಂದು ರಬ್ಬರ್ ಟೋಪಿ. ಅದು ಟ್ಯಾಂಕಿನ ಬಾಯಿಯನ್ನು ಮುಚ್ಚಿ ಕೂತರೆ, ಆ ಆವಿಯನ್ನು ಹೀರಿ ನೆಲದಡಿಯ ನಮ್ಮ ಟ್ಯಾಂಕಿಗೆ ಕಳಿಸುತ್ತದೆ.

ಇದು ನನಗಿಂತ ಹೆಚ್ಚಾಗಿ ಬೇಕಿದ್ದದ್ದು ನಮ್ಮ ಬಂಕಿನಲ್ಲಿ ಪೆಟ್ರೋಲ್ ಹಾಕುವ ಅಕ್ಕನಿಗೆ. ಹೂಡಿಯಲ್ಲೇ ಹುಟ್ಟಿ ಬೆಳೆದವಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಬೇರೆ ಸಾಲು ಖಾಲಿಯಿದ್ದರೂ ಜನ ಅವಳ ಸಾಲಿನಲ್ಲೇ ನಿಲ್ಲುತ್ತಿದ್ದರು. ಸಂಜೆಯಾದರೆ ಮಾತ್ರ ತಲೆನೋವು.

"ಅಣ್ಣ, ಹುಳಿ ತಿಂದ್ರೂ ಪೆಟ್ರೋಲ್ ವಾಸ್ನೆ, ಪಾಯಸ ತಿಂದ್ರೂ ಪೆಟ್ರೋಲ್ ವಾಸ್ನೆ. ಈ ಪೈಪಿಂದ್ಲೂ ಸರಿಹೋಗ್ಲಿಲ್ಲ ಅಂದ್ರೆ ನಾನು ಗಾರ್ಮೆಂಟ್ಸಿಗೆ ಹೋಯ್ತೀನಿ," ಎಂದು ಹೇಳಿಬಿಟ್ಟಿದ್ದಳು. ಅವಳು ಹೋದರೆ ಬಂಕಿನ ಕಳೆಯೇ ಹೋದಂತೆ.

ತೊಂದರೆ ಬಂದದ್ದು ಸ್ಕೂಟರಿನವರಿಂದ. ನಮ್ಮ ಜನಕ್ಕೆ ಮೀಟರಿನಲ್ಲಿ ಸೊನ್ನೆ ನೋಡಿದರೆ ಸಾಲದು, ಪೆಟ್ರೋಲ್ ಧಾರೆಯಾಗಿ ಬೀಳುವುದೂ ಕಣ್ಣಿಗೆ ಕಾಣಬೇಕು. ಟೋಪಿ ಅದನ್ನು ಮುಚ್ಚಿಬಿಟ್ಟಿತು. "ಮೇಲೆತ್ತಿ ಹಾಕಮ್ಮ" ಎಂದು ಎಲ್ಲರದೂ ಒಂದೇ ಹಟ. ಎತ್ತಿದರೆ ಆವಿ ಮತ್ತೆ ಅವಳ ಮೂಗಿಗೇ.

ಒಂದು ಬೆಳಿಗ್ಗೆ, ಕಾರ್ಖಾನೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಹಳೇ ಸ್ಕೂಟರ್ ತಂದು ಜಗಳ ತೆಗೆದರು.

"ಏನ್ರೀ ಇದು, ಒಂದ್ ಕಡೆ ಹಾಕೋದು, ಇನ್ನೊಂದ್ ಕಡೆ ಹೀರ್ಕೊಳ್ಳೋದು? ಎತ್ತಮ್ಮ ಮೇಲಕ್ಕೆ!"

"ಎತ್ತಿದ್ರೆ ಆ ಆವಿನೆಲ್ಲ ನಾನು ಕುಡೀಬೇಕಾ ಸಾರ್?" ಎನ್ನುತ್ತಲೇ ಅಕ್ಕ ಮುಖ ಸಿಂಡರಿಸಿ ಎತ್ತಿದಳು.

ನಾನು ಓಡಿ ಬಂದೆ. ಎಳೆ ಬಿಸಿಲು ಓರೆಯಾಗಿ ಬಿದ್ದು ಸ್ಕೂಟರಿನ ನೆರಳು ಸಿಮೆಂಟ್ ನೆಲದ ಮೇಲೆ ಚಾಚಿತ್ತು. ಟ್ಯಾಂಕಿನ ನೆರಳಿನ ಪಕ್ಕದಲ್ಲಿ ಏನೋ ಎಳೆಎಳೆಯಾಗಿ ತೇಲುತ್ತಿತ್ತು, ಕಾದ ಹೆಂಚಿನ ಮೇಲೆ ಗಾಳಿ ನಡುಗುವ ಹಾಗೆ. ಗಾಳಿಯಲ್ಲಿ ಕಾಣದ ಆವಿಗೆ ನೆಲದಲ್ಲಿ ನೆರಳಿತ್ತು!

"ಸಾರ್, ಟ್ಯಾಂಕ್ ಬಿಡಿ, ನೆಲ ನೋಡಿ."

ಅವರು ಬಗ್ಗಿದರು. "ಏನ್ರೀ ಅದು, ಕುಣೀತಿದೆ?"

"ಅದೇ ಸಾರ್ ಆವಿ. ಅಕ್ಕ, ಈಗ ಟೋಪಿ ಕೂರ್ಸು."

ಕೂರಿಸಿದಳು. ಕುಣಿತ ನಿಂತಿತು. ಹಿರಿಯರು ಸೋಲುವವರಲ್ಲ. "ಅಂದ್ರೆ ನನ್ ಆವಿ ನಿಮ್ ಟ್ಯಾಂಕಿಗೆ ಪುಕ್ಕಟೆ?"

"ಮೀಟರ್ ದಾಟಿದ ಪೆಟ್ರೋಲ್ ಪೂರ್ತಿ ನಿಮ್ದು. ಆ ಹಳೇ ಆವಿಗೆ ಬದ್ಲು ಚಕ್ರಕ್ಕೆ ಗಾಳಿ ಹಾಕಿಸ್ಕೊಳ್ಳಿ."

"ಸ್ಟೆಪ್ನಿಗೂ?"

"ಸ್ಟೆಪ್ನಿಗೂ ಸಾರ್!"

ನಮ್ಮಲ್ಲಿ ಗಾಳಿ ಯಾವಾಗಲೂ ಉಚಿತವೇ. ಅದು ಅವರಿಗೂ ಗೊತ್ತಿತ್ತು. ಆದರೂ ಗೆದ್ದವರ ಹಾಗೆ ನಗುತ್ತಾ ಹೋದರು, ನಾನೂ ನಕ್ಕೆ. ವ್ಯಾಪಾರ ಮುಗಿದಾಗ ಇಬ್ಬರಿಗೂ ಗೆದ್ದೆ ಅನ್ನಿಸಬೇಕು ಕಣ್ರೀ.

ಮರುದಿನ ಅವರು ನೆರಳು ತೋರಿಸಲು ಗೆಳೆಯರನ್ನೇ ಕರೆತಂದರು. ಆಮೇಲೆ ಹಟ ಮಾಡಿದವರಿಗೆಲ್ಲ ಅಕ್ಕ ತಾನೇ "ನೆಲ ನೋಡಿ ಸಾರ್" ಅನ್ನತೊಡಗಿದಳು. ನೀವೂ ಬಿಸಿಲಿನಲ್ಲಿ ನಿಂತು ನೋಡಿ. ಇನ್ನೊಂದು ಮಾತು: ಪೈಪು ಟಕ್ಕೆಂದು ತಾನಾಗಿ ನಿಂತ ಮೇಲೆ "ಇನ್ನೂ ಸ್ವಲ್ಪ" ಎಂದು ತುಂಬಿಸಬೇಡಿ. ಉಕ್ಕಿದರೆ ಆವಿಯ ಹಾದಿಯಲ್ಲಿ ನಿಮ್ಮ ಪೆಟ್ರೋಲೂ ಹೋದೀತು.

ಕೆಲವು ದಿನಗಳ ನಂತರ ಮಧ್ಯಾಹ್ನ, ಹಿಂದಿನ ಕೋಣೆಯಲ್ಲಿ ಅಕ್ಕ ಊಟದ ಡಬ್ಬಿ ತೆರೆದವಳು ಹಾಗೇ ನಿಂತಳು. ಮತ್ತೆ ಮೂಸಿದಳು: ಪೆಟ್ರೋಲ್ ಅಲ್ಲ, ಸೀದ ವಾಸನೆ. ಡಬ್ಬಿ ಕಟ್ಟಿಕೊಟ್ಟ ಗಂಡನಿಗೆ ಫೋನ್ ಹಚ್ಚಿದಳು.

"ಏನ್ರೀ, ಒಗ್ಗರಣೆ ಸೀಯ್ಸಿದ್ದೀರಲ್ಲ! ಏನು? ದಿನಾ ಹಿಂಗೇನಾ?"

ಕೋಣೆ ತುಂಬ ನಗು.

"ಗಾರ್ಮೆಂಟ್ಸಿಗೆ ಯಾವಾಗ ಹೋಗ್ತೀಯಕ್ಕ?" ಎಂದೆ.

"ಸುಮ್ನಿರಣ್ಣ, ಮೊದ್ಲು ಇವ್ರಿಗೆ ಒಗ್ಗರಣೆ ಕಲಿಸ್ಬೇಕು," ಎಂದು ಸೀದ ಸಾಸಿವೆಯ ಅನ್ನವನ್ನು ಖುಷಿಯಿಂದ ಬಾಯಿಗೆ ಹಾಕಿಕೊಂಡಳು.