ದ್ರೌಪದಮ್ಮನ ಬೆರಳು, ಕೆಂಪಿಯ ಕೆಚ್ಚಲು

ಹೆಬ್ಬಾಳದ ಕೆರೆ ಹಿಂದಿನ ಬೀದಿಯಲ್ಲಿ ಹಾಲಿನ ದ್ರೌಪದಮ್ಮ ಎಂದರೆ ಸಾಕು, ಕೂಸುಮಕ್ಕಳೂ ಮನೆ ತೋರಿಸುತ್ತಿದ್ದರು. ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿಗೆ ಕೃಷಿ ಕಾಲೇಜಿನ ಒಂದಿಷ್ಟು ಮೇಷ್ಟ್ರುಗಳ ಮನೆಗೆ ಹೋಗುತ್ತಿದ್ದದ್ದು ಆಕೆಯ ಹಾಲೇ. ಇದ್ದದ್ದು ಒಂದೇ ಹಸು, ಕೆಂಪಿ. ಅದಕ್ಕೋ ಮಹಾ ಜಂಬ! ದ್ರೌಪದಮ್ಮನನ್ನು ಬಿಟ್ಟು ಇನ್ಯಾರಿಗೂ ಕೆಚ್ಚಲು ಮುಟ್ಟಗೊಡದು. ಗಂಡ ಮುನಿಯಲ್ಲಪ್ಪನನ್ನು ಒಮ್ಮೆ ಒದ್ದು, ಚೆಂಬಿನ ಸಮೇತ ಉರುಳಿಸಿತ್ತು.

ಅಂಥ ಕೈಗೇ ಶನಿ ವಕ್ಕರಿಸಿತು. ಬೆಳಗ್ಗೆ ಎದ್ದರೆ ಬೆರಳಿನ ಗಿಣ್ಣುಗಳು ಊದಿ, ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಹರಳೆಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು. ಕದ್ದುಮುಚ್ಚಿ ತೋರಿಸಿದಾಗ ಡಾಕ್ಟರು, "ಪೂರ್ತಿ ಹೋಗೋದಲ್ಲಮ್ಮ ಇದು. ಬೆಳಗ್ಗೆ ಬಿಸಿನೀರಲ್ಲಿ ಕೈ ಅದ್ದು. ಆದಷ್ಟು ಮಾಡು, ಮಿಕ್ಕಿದ್ದು ಬೇರೆಯವರಿಗೆ ಬಿಡು" ಎಂದಿದ್ದರು. ಬಿಸಿನೀರು ಕಾಯಿಸಿದರೆ ಸೊಸೆಗೆ ಗೊತ್ತಾಗದೆ? ಹಾಲು ಕರೆಯಲಾಗದ ದ್ರೌಪದಮ್ಮನನ್ನು ಆಮೇಲೆ ಯಾರು ಕೇಳುತ್ತಾರೆ? ಆ ದಿಗಿಲಿಗೆ ತುಟಿ ಬಿಚ್ಚಲಿಲ್ಲ.

ಕೈ ಸೋತಷ್ಟೂ ಕೆಚ್ಚಲಲ್ಲಿ ಹಾಲು ಉಳಿಯಿತು. ಉಳಿದಷ್ಟೂ ಕೆಂಪಿ ಬತ್ತುತ್ತ ಬಂತು. ಯಾರದೋ ಕಣ್ಣು ಬಿದ್ದಿದೆ ಎಂದು ಮುನಿಯಲ್ಲಪ್ಪ ಮೆಣಸಿನಕಾಯಿ ನಿವಾಳಿಸಿದ. "ಊಂ, ಕಣ್ಣೇ ಇರ್ಬೇಕು" ಎಂದುಬಿಟ್ಟಳು ದ್ರೌಪದಮ್ಮ. ಅಂದಿನಿಂದ ಆಕೆಗೆ ತುತ್ತು ಇಳಿಯಲಿಲ್ಲ.

ಕೊನೆಗೊಂದು ಬೆಳಗ್ಗೆ ಚಿಕ್ಕಜಾಲದ ದನದ ದಲ್ಲಾಳಿ ಪಿಳ್ಳಣ್ಣ ಬಂದು ಕೆಂಪಿಯ ಹಗ್ಗ ಬಿಚ್ಚಿದ. ಮುನಿಯಲ್ಲಪ್ಪ ಆಗಲೇ ಮಾರುವ ಮಾತು ಕೊಟ್ಟಿದ್ದ. ಕೆಂಪಿ ಹೆಜ್ಜೆ ಕೀಳದೆ, ದ್ರೌಪದಮ್ಮನ ಕಡೆ ತಿರುಗಿ ಅಂಬಾ ಎಂದಿತು. ಆಕೆಗೆ ತಡೆಯಲಾಗಲಿಲ್ಲ.

"ಬಿಡಣ್ಣ ಅಗ್ಗಾನ! ಅಸುಗೇನೂ ಆಗಿಲ್ಲ. ಕೆಟ್ಟಿರೋದು ನನ್ನ ಕೈ!"

ಊದಿದ ಬೆರಳುಗಳನ್ನು ಎಲ್ಲರ ಮುಂದೆ ಚಾಚಿ, ಗೊಳೋ ಎಂದು ಅತ್ತಳು.

"ಇಷ್ಟ್ ದಿನ ಬಾಯಿಗೇನಾಗಿತ್ತೇ?" ಮುನಿಯಲ್ಲಪ್ಪ ರೇಗಿದ. "ಈಗ ಆಲು ಕರೆಯೋರ್ಯಾರು?"

ಬಾಗಿಲ ಮರೆಯಲ್ಲಿದ್ದ ಸೊಸೆ ಮುನಿಗಂಗಮ್ಮ ಮುಂದೆ ಬಂದಳು. "ಅತ್ತೆ, ಕೊಟ್ಟಿಗೇಲಿ ಉಡೋ ನಿಮ್ಮ ಸೀರೆ ಕೊಡಿ. ಅದರ ವಾಸ್ನೆಗಾದ್ರೂ ಸುಮ್ಕಿದ್ದಾತು."

ದ್ರೌಪದಮ್ಮ ಸೀರೆ ತಂದು ಕೊಟ್ಟಳು. ಸೀರೆಯೂ ಸೊಸೆಯ ಪಾಲಾಯಿತು, ಹಸುವೂ ಅವಳ ಪಾಲಾಯಿತು, ಇನ್ನು ತಾನು ಯಾರು?

ಸೊಸೆ ಆ ಸೀರೆಯುಟ್ಟು ಕೂತಳು. ಕೆಂಪಿ ಮೂಸಿತು, ಅನುಮಾನಿಸಿತು, ಕಾಲೆತ್ತಿತು. ದ್ರೌಪದಮ್ಮ ಓಡಿಹೋಗಿ ಮುಂಗೈಯಿಂದ ಅದರ ಕೊರಳು ಸವರಿ, "ಸುಮ್ಕಿರೇ ನನ್ನವ್ವ" ಎಂದಳು. ಎತ್ತಿದ ಕಾಲು ಇಳಿಯಿತು. ಚೆಂಬಿನೊಳಗೆ ಸೊರ್ ಸೊರ್ ಎಂದು ಹಾಲು ಬಿತ್ತು. ಪಿಳ್ಳಣ್ಣ ಬಂದ ದಾರಿ ಹಿಡಿದ.

ಮರುದಿನ ನೋವು ಇನ್ನೂ ಜೋರಾಗಿತ್ತು. ಸೊಸೆ ಇದ್ದಾಳಲ್ಲ, ತನ್ನಿಂದ ಆಗಬೇಕಾದ್ದಾದರೂ ಏನು ಎಂದು ದ್ರೌಪದಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೊಟ್ಟಿಗೆಯಲ್ಲಿ ಚೆಂಬು ಢಣ್ ಎಂದು ಉರುಳಿತು. ಸೊಸೆ ಸೊಂಟ ಹಿಡಿದುಕೊಂಡು ಒಳಬಂದಳು.

"ಅತ್ತೆ, ಏಳಿ. ಸೀರೆ ಉಟ್ರೂ ಒದೀತು. ತೊಟ್ಟು ಆಲು ಇಳಿಸ್ತಿಲ್ಲ. ಅದು ನಿಮ್ಮನ್ನೇ ಕೇಳ್ತಾ ಅದೆ."

ದ್ರೌಪದಮ್ಮ ಎದ್ದು ಕೂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಹಳೆಯ ಗತ್ತಿನದೇ.

"ಮೊದ್ಲು ನೀರು ಕಾಯ್ಸಮ್ಮಿ. ಕೈ ಅದ್ಕೊಂಡು ಬತ್ತೀನಿ. ಅಲ್ಲೀಗಂಟ ಕಾಯ್ಲಿ, ಏನವಸ್ರ ಅದ್ಕೆ!"